ಓದುಗನಿರುವ ಬರವಣಿಗೆ: ತರಗತಿಯಲ್ಲಿ ಕಲಿಕಾ ದಿನಚರಿ

ನಮ್ಮ ವಿದ್ಯಾರ್ಥಿಗಳು ಕನ್ನಡದಲ್ಲಿ ಬರೆಯುವುದು ಬಹುತೇಕ ಎರಡೇ ಸಂದರ್ಭಗಳಲ್ಲಿ: ನೋಟುಪುಸ್ತಕದಲ್ಲಿ ಪ್ರಶ್ನೋತ್ತರ ಬರೆಯುವಾಗ ಮತ್ತು ಪರೀಕ್ಷೆಯಲ್ಲಿ ಅದನ್ನೇ ಮರಳಿ ಬರೆಯುವಾಗ. ಎರಡನ್ನೂ ಓದುವವರು ಅಧ್ಯಾಪಕರೊಬ್ಬರೇ. ಅವರು ಓದುವುದೂ ತಪ್ಪನ್ನು ಗುರುತಿಸಲು. ಬಸ್ಸಿನ ಫಲಕದಲ್ಲಿ, ಕಚೇರಿಯ ಅರ್ಜಿಯಲ್ಲಿ ಬೇರೊಂದು ಭಾಷೆಯೇ ಎದ್ದು ಕಾಣುವ ನಮ್ಮ ಊರುಗಳಲ್ಲಿ, ಕನ್ನಡದಲ್ಲಿ ಬರೆದರೆ ಓದುವವರಾರು ಎಂಬ ಸಂದೇಹ ಮಗುವಿನಲ್ಲಿ ಮೂಡುವುದು ಸಹಜ. ಆ ಓದುಗನನ್ನು ಒದಗಿಸಿಕೊಡುವುದೇ ಕಲಿಕಾ ದಿನಚರಿಯ ಉದ್ದೇಶ.

ಫ್ರಾನ್ಸಿನ ಶಿಕ್ಷಕ ಸೆಲೆಸ್ತಿನ್ ಫ್ರೆನೆ (1896–1966) ಅವರ ಪ್ರಯೋಗ ಇಲ್ಲಿ ಮಾರ್ಗದರ್ಶಕವಾಗಿದೆ. ಮೊದಲ ಮಹಾಯುದ್ಧದಲ್ಲಿ ಶ್ವಾಸಕೋಶಕ್ಕೆ ಗಾಯವಾಗಿದ್ದುದರಿಂದ ಬಹಳ ಹೊತ್ತು ಮಾತನಾಡಿ ಪಾಠ ಹೇಳುವುದು ಅವರಿಗೆ ಕಷ್ಟವಾಗಿತ್ತು. ಗುಡ್ಡಗಾಡಿನ ಬಾರ್-ಸುರ್-ಲೂ ಗ್ರಾಮದಲ್ಲಿ ಅವರು ಮಕ್ಕಳನ್ನು ಹೊರಗೆ ಕರೆದೊಯ್ದರು. ಕಂಡದ್ದನ್ನು ಅವರ ಮಾತುಗಳಲ್ಲಿಯೇ ಬರೆಯಿಸಿದರು. 1920ರ ದಶಕದಲ್ಲಿ ತರಗತಿಗೆ ಸಣ್ಣ ಅಚ್ಚಿನ ಯಂತ್ರವನ್ನು ತಂದು, ಮಕ್ಕಳ ಕೈಯಿಂದಲೇ ಮುದ್ರಣ ಮಾಡಿಸಿದರು. ಆ ಹಾಳೆಗಳು ದೂರದ ಬ್ರಿಟನಿಯ ಕಡಲತೀರದ ಶಾಲೆಗೆ ಹೋದವು. ಅಲ್ಲಿಯ ಮಕ್ಕಳ ಬರಹಗಳು ಇಲ್ಲಿಗೆ ಬಂದವು. ಕಾಣದ ಓದುಗನಿಗೆ ಅರ್ಥವಾಗಬೇಕು ಎಂಬ ಅಗತ್ಯವೇ ಅಲ್ಲಿ ಭಾಷೆಯ ಗುರುವಾಯಿತು.

ನಮ್ಮ ತರಗತಿಗೆ ಅಚ್ಚಿನ ಯಂತ್ರ ಬೇಡ. ನೂರು ಪುಟದ ಒಂದು ಪುಸ್ತಕ, ವಾರಕ್ಕೆ 15 ನಿಮಿಷ ಸಾಕು. ಈ ವಾರ ತಿಳಿದದ್ದೇನು, ತಿಳಿಯದೆ ಉಳಿದದ್ದೇನು, ಪಾಠದ ವಿಷಯ ಊರಿನಲ್ಲಿ ಎಲ್ಲಿ ಕಾಣುತ್ತದೆ ಎಂಬ ಮೂರು ಪ್ರಶ್ನೆಗಳಿಗೆ ವಿದ್ಯಾರ್ಥಿ ಬರೆಯಲಿ. ಆವಿಯಾಗುವಿಕೆಯ ಪಾಠವನ್ನು ಕಾಸರಗೋಡಿನ ಹುಡುಗಿ ಅಂಗಳದಲ್ಲಿ ಒಣಗುವ ಅಡಕೆಯಿಂದ ವಿವರಿಸಬಲ್ಲಳು. ಬಳಿಕ ಪುಸ್ತಕಗಳು ಕೈ ಬದಲಾಗಲಿ. ಓದಿದ ಸಹಪಾಠಿ, ತಾನು ತಿಳಿದುಕೊಂಡ ಒಂದು ಸಂಗತಿಯನ್ನೂ ತನಗೆ ಮೂಡಿದ ಒಂದು ಪ್ರಶ್ನೆಯನ್ನೂ ಕೆಳಗೆ ಬರೆಯಲಿ.

ಅಧ್ಯಾಪಕರು ಮೊದಲು ವಿಷಯಕ್ಕೆ ಉತ್ತರಿಸಬೇಕು, ಆಮೇಲೆ ಭಾಷೆಗೆ. ಒಂದು ವಾರ ಒತ್ತಕ್ಷರ, ಮತ್ತೊಂದು ವಾರ ವಿಭಕ್ತಿ ಪ್ರತ್ಯಯ, ಹೀಗೆ ಒಂದೇ ಬಗೆಯ ತಪ್ಪನ್ನು ತಿದ್ದಿದರೆ ಸಾಕು. ತುಳು, ಮಲಯಾಳ, ಮರಾಠಿ, ತೆಲುಗು ಪದಗಳು ನುಸುಳಿದರೆ ಹೊಡೆದುಹಾಕದೆ, ಪಕ್ಕದಲ್ಲಿ ಕನ್ನಡದ ಪದವನ್ನು ಬರೆಯಿಸಿರಿ. ಮನೆಯ ಖಾಸಗಿ ಸಂಗತಿಯಿರುವ ಪುಟವನ್ನು ವಿದ್ಯಾರ್ಥಿಯ ಒಪ್ಪಿಗೆಯಿಲ್ಲದೆ ಇತರರಿಗೆ ತೋರಿಸಕೂಡದು.

ಅಂಕಗಳ ವಿಷಯದಲ್ಲಿ ಎಚ್ಚರ ಅಗತ್ಯ. ಹಿಂದೊಮ್ಮೆ ನಾನು ಶಿಕ್ಷಕ-ವಿದ್ಯಾರ್ಥಿಗಳ ದಿನಚರಿಗೆ ಪ್ರತಿವಾರ ಅಂಕ ಕೊಟ್ಟೆ. ಮೂರನೆಯ ವಾರಕ್ಕೆ ಎಲ್ಲ ಪುಸ್ತಕಗಳಲ್ಲಿಯೂ ಒಂದೇ ಬಗೆಯ ವಾಕ್ಯಗಳು, ಯಾರಿಗೂ ಯಾವ ಸಂದೇಹವೂ ಇಲ್ಲ! ಅಂಕ ನಿಲ್ಲಿಸಿದ ಮೇಲೆಯೇ "ನನಗಿದು ತಿಳಿಯಲಿಲ್ಲ" ಎಂಬ ವಾಕ್ಯ ಕಾಣಿಸಿಕೊಂಡಿತು. ಅಧ್ಯಾಪಕರಿಗೆ ನಾಳೆಯ ಪಾಠ ತೊಡಗುವುದು ಆ ವಾಕ್ಯದಿಂದ.

ವರ್ಷಕ್ಕೆರಡು ಬಾರಿಯಾದರೂ ಆಯ್ದ ಪುಟಗಳು ಮತ್ತೊಂದು ರಾಜ್ಯದ ಕನ್ನಡ ಶಾಲೆಗೆ ಅಂಚೆಯಲ್ಲಿ ಹೋಗಲಿ. ಅಡಕೆಯ ಅಂಗಳವನ್ನು ಕಾಣದ ಅಕ್ಕಲಕೋಟೆಯ ಹುಡುಗನಿಗೆ ಅದನ್ನು ತಿಳಿಸಲು, ಜೋಳದ ರಾಶಿಯನ್ನು ಕಾಣದ ಕಾಸರಗೋಡಿನ ಹುಡುಗಿಗೆ ಅದನ್ನು ವರ್ಣಿಸಲು, ಇಬ್ಬರಿಗೂ ಇರುವ ಸೇತುವೆ ಕನ್ನಡವೇ. ಪರೀಕ್ಷೆಯಾಚೆಗೂ ಈ ಭಾಷೆಗೆ ಕೆಲಸವಿದೆ ಎಂಬುದನ್ನು ಮಕ್ಕಳು ಅಲ್ಲಿ ತಾವಾಗಿಯೇ ಅರಿಯುತ್ತಾರೆ.