ಎಂಟು ಸಲ ಯುರೋಪ್ ಗೆದ್ದರೂ ಸ್ವಂತ ಹೆಸರಿರಲಿಲ್ಲ: ಲಿಯಾನ್ ಮಹಿಳಾ ಫುಟ್ಬಾಲ್ ಕ್ಲಬ್‌ನ ಕಥೆ

2025ರ ಜೂನ್‌ನಲ್ಲಿ ಫ್ರಾನ್ಸ್‌ನ ಲಿಯಾನ್ ನಗರದಲ್ಲಿ ನಡೆದದ್ದನ್ನು ಮೊದಲು ನೋಡೋಣ. ಅಲ್ಲಿನ ಹೆಸರಾಂತ ಪುರುಷರ ಕ್ಲಬ್ ಒಲಿಂಪಿಕ್ ಲಿಯಾನೆ ಸಾಲದಲ್ಲಿ ಮುಳುಗಿತ್ತು. ಫ್ರೆಂಚ್ ಫುಟ್ಬಾಲ್‌ನ ಹಣಕಾಸು ನಿಗಾ ಸಂಸ್ಥೆ ತಂಡವನ್ನು ಎರಡನೇ ದರ್ಜೆಗೆ ಇಳಿಸುವ ಆದೇಶ ಹೊರಡಿಸಿತು. ಅಧ್ಯಕ್ಷ ಜಾನ್ ಟೆಕ್ಸ್ಟರ್ ಕೆಳಗಿಳಿದರು. ಆ ಕುರ್ಚಿಗೆ ಬಂದವರು ಮಿಷೆಲ್ ಕಾಂಗ್, ಅದೇ ಊರಿನ ಮಹಿಳಾ ತಂಡದ ಒಡತಿ. ಜುಲೈನಲ್ಲಿ ಮೇಲ್ಮನವಿ ಗೆದ್ದು ಕ್ಲಬ್ ಮೊದಲ ದರ್ಜೆಯಲ್ಲೇ ಉಳಿಯಿತು.

'ಹೆಣ್ಣುಮಕ್ಕಳ ಫುಟ್ಬಾಲ್ ನಡೆಯೋದೇ ಗಂಡಸರ ತಂಡದ ದುಡ್ಡಲ್ಲಿ' ಅನ್ನೋ ಮಾತನ್ನು ಎಷ್ಟು ಸಲ ಕೇಳಿದ್ದೇವೆ! ಲಿಯಾನ್‌ನಲ್ಲಿ ಅದು ಉಲ್ಟಾ ಹೊಡೆದದ್ದು ಹೇಗೆ?

ಫ್ರೆಂಚ್ ಫುಟ್ಬಾಲ್ ಫೆಡರೇಷನ್ ಮಹಿಳಾ ಫುಟ್ಬಾಲ್‌ಗೆ ಅಧಿಕೃತ ಮಾನ್ಯತೆ ಕೊಟ್ಟದ್ದೇ 1970ರಲ್ಲಿ. ಅದೇ ವರ್ಷ ಎಫ್‌ಸಿ ಲಿಯಾನ್ ಎಂಬ ಕ್ಲಬ್ ತನ್ನ ಮಹಿಳಾ ವಿಭಾಗ ಶುರುಮಾಡಿತು. 90ರ ದಶಕದಲ್ಲಿ ಅದು ನಾಲ್ಕು ಸಲ ಫ್ರೆಂಚ್ ಚಾಂಪಿಯನ್ ಆಯಿತು. ಆದರೆ ದೊಡ್ಡ ತಿರುವು ಬಂದದ್ದು 2004ರಲ್ಲಿ. ಒಲಿಂಪಿಕ್ ಲಿಯಾನೆ ಈ ತಂಡವನ್ನು ತನ್ನೊಳಗೆ ಸೇರಿಸಿಕೊಂಡಿತು. ಆಗ ಕ್ಲಬ್‌ನ ಅಧ್ಯಕ್ಷ ಸಾಫ್ಟ್‌ವೇರ್ ಉದ್ಯಮಿ ಜಾನ್-ಮಿಷೆಲ್ ಓಲಾಸ್.

ಓಲಾಸ್ ಮಾಡಿದ್ದೇನೂ ಮಾಯಾಮಂತ್ರವಲ್ಲ. ಆಟಗಾರ್ತಿಯರಿಗೆ ಪೂರ್ಣಾವಧಿಯ ಸಂಬಳ, ಒಳ್ಳೆಯ ತರಬೇತಿ ಮೈದಾನ, ಡಾಕ್ಟರು, ಫಿಸಿಯೋ, ವಿದೇಶಿ ಸ್ಟಾರ್‌ಗಳು. ಎದುರಾಳಿ ತಂಡಗಳಲ್ಲಿ ಹೆಚ್ಚಿನವರು ಕೆಲಸ, ಓದಿನ ಮಧ್ಯೆ ಬಿಡುವು ಮಾಡಿಕೊಂಡು ಆಡುತ್ತಿದ್ದ ಕಾಲವದು. ದಿನವಿಡೀ ಆಟಕ್ಕೇ ಮೀಸಲಾದ ತಂಡ ಅಂಥವರನ್ನು ಸೋಲಿಸದೆ ಇನ್ನೇನು ಮಾಡುತ್ತೆ? 2007ರಿಂದ 2020ರವರೆಗೆ ಸತತ 14 ಸಲ ಲೀಗ್ ಪ್ರಶಸ್ತಿ ಲಿಯಾನ್ ಪಾಲಾಯಿತು. ಚಾಂಪಿಯನ್ಸ್ ಲೀಗ್ ಕೂಡ 2011, 2012, ಆಮೇಲೆ 2016ರಿಂದ 2020ರವರೆಗೆ ಸತತ ಐದು ಸಲ, ಮತ್ತೆ 2022ರಲ್ಲಿ. ಒಟ್ಟು ಎಂಟು. ಕೆರಿಬಿಯನ್ ದ್ವೀಪ ಮಾರ್ಟಿನಿಕ್‌ನಿಂದ 16ನೇ ವಯಸ್ಸಿಗೆ ಬಂದ ವೆಂಡಿ ರೆನಾರ್ ಈ ಎಂಟೂ ಗೆಲುವುಗಳಲ್ಲಿ ಇದ್ದರು. ರಾಷ್ಟ್ರೀಯ ತರಬೇತಿ ಕೇಂದ್ರದ ಆಯ್ಕೆಯಲ್ಲಿ ಬೇಡ ಅನ್ನಿಸಿಕೊಂಡಿದ್ದ ಹುಡುಗಿ ಈಕೆ!

ಈ ವೈಭವದ ಅಡಿಪಾಯ ಮಾತ್ರ ಒಬ್ಬ ಅಧ್ಯಕ್ಷರ ಆಸಕ್ತಿ. ಅವರಿಗೆ ಮನಸ್ಸಿತ್ತು, ಕೊಟ್ಟರು. ಆದರೆ ಔದಾರ್ಯ ಬೇರೆ, ಹಕ್ಕು ಬೇರೆ. ಇದು ಬಯಲಾದದ್ದು ಐಸ್‌ಲ್ಯಾಂಡ್‌ನ ಸಾರಾ ಬ್ಯೋರ್ಕ್ ಗುನ್ನಾರ್ಸ್‌ದೋತ್ತಿರ್ ಪ್ರಕರಣದಲ್ಲಿ.

2021ರಲ್ಲಿ ಸಾರಾ ಗರ್ಭಿಣಿಯಾದರು, ಹೆರಿಗೆಗೆ ತವರಿಗೆ ಹೋದರು. ಅಷ್ಟರಲ್ಲಿ ಅವರಿಗೆ ಸಿಗಬೇಕಿದ್ದ ಪೂರ್ತಿ ಸಂಬಳ ಬರುವುದು ನಿಂತಿತು. ಆ ವರ್ಷವಷ್ಟೇ ಫೀಫಾದ ಹೊಸ ಹೆರಿಗೆ ನಿಯಮ ಜಾರಿಗೆ ಬಂದಿತ್ತು: ಕನಿಷ್ಠ 14 ವಾರ ರಜೆ, ಆ ಅವಧಿಗೆ ಕನಿಷ್ಠ ಮೂರರಲ್ಲಿ ಎರಡು ಪಾಲು ವೇತನ. ಆಟಗಾರರ ಅಂತಾರಾಷ್ಟ್ರೀಯ ಸಂಘ ಫಿಫ್‌ಪ್ರೋ ಬೆಂಬಲದೊಂದಿಗೆ ಸಾರಾ ಫೀಫಾ ನ್ಯಾಯಮಂಡಳಿಗೆ ಹೋದರು. ಫ್ರೆಂಚ್ ಕಾನೂನಿನಂತೆಯೇ ನಡೆದುಕೊಂಡಿದ್ದೇವೆ ಅನ್ನೋದು ಕ್ಲಬ್ ವಾದ. ನ್ಯಾಯಮಂಡಳಿ ಒಪ್ಪಲಿಲ್ಲ, 82 ಸಾವಿರ ಯೂರೋಗೂ ಹೆಚ್ಚು ಬಾಕಿ ಕೊಡಿ ಎಂದಿತು. 2023ರ ಜನವರಿಯಲ್ಲಿ ಸಾರಾ ಇದನ್ನು ಬಹಿರಂಗವಾಗಿ ಬರೆಯುವ ಹೊತ್ತಿಗೆ ಅವರು ಇಟಲಿಯ ಯುವೆಂಟಸ್ ಸೇರಿಯಾಗಿತ್ತು. ಮಹಿಳಾ ಫುಟ್ಬಾಲ್‌ಗೆ ಮಾದರಿ ಅಂತ ಜಗತ್ತೆಲ್ಲ ಹೊಗಳುತ್ತಿದ್ದ ಕ್ಲಬ್‌ನಲ್ಲೇ ಹೆರಿಗೆಯ ಸಂಬಳಕ್ಕೆ ಕೇಸ್ ಹಾಕಬೇಕಾಯ್ತು ಅಂದ್ರೆ ಉಳಿದ ಕಡೆ ಏನಿರಬಹುದು, ನೀವೇ ಲೆಕ್ಕ ಹಾಕಿ.

ಇನ್ನೊಂದು ಕೊರತೆ ಪ್ರೇಕ್ಷಕರದು. ಸಾಮಾನ್ಯ ಪಂದ್ಯಗಳು ತರಬೇತಿ ಕೇಂದ್ರದ ಪುಟ್ಟ ಮೈದಾನದಲ್ಲಿ ನಡೆಯುತ್ತಿದ್ದವು. 2019ರ ನವೆಂಬರ್‌ನಲ್ಲಿ ಪ್ಯಾರಿಸ್ ಸೇಂಟ್ ಜರ್ಮೈನ್ ಎದುರಿನ ಪಂದ್ಯವನ್ನು ದೊಡ್ಡ ಸ್ಟೇಡಿಯಂಗೆ ಒಯ್ದಾಗ 30 ಸಾವಿರಕ್ಕೂ ಹೆಚ್ಚು ಜನ ಬಂದರು. ಅಂದರೆ ನೋಡುವವರು ಇದ್ದರು, ಕರೆಯುವವರು ಇರಲಿಲ್ಲ. 2022ರಲ್ಲಿ ಬಾರ್ಸಿಲೋನಾ ತನ್ನ ಕ್ಯಾಂಪ್ ನೌ ಸ್ಟೇಡಿಯಂನಲ್ಲಿ ಎರಡು ಸಲ 91 ಸಾವಿರಕ್ಕೂ ಹೆಚ್ಚು ಜನರನ್ನು ಕೂರಿಸಿತು. ಅದೇ ವರ್ಷದ ಫೈನಲ್‌ನಲ್ಲಿ ಲಿಯಾನ್ ಬಾರ್ಸಿಲೋನಾವನ್ನು 3-1ರಿಂದ ಸೋಲಿಸಿತು ಅನ್ನೋದು ಬೇರೆ ಮಾತು. ಜನ ಮಾತಾಡುತ್ತಿದ್ದದ್ದು ಬಾರ್ಸಿಲೋನಾ ಬಗ್ಗೆ.

ಕೊರಿಯಾದಲ್ಲಿ ಹುಟ್ಟಿ ಅಮೆರಿಕದಲ್ಲಿ ಉದ್ಯಮ ಕಟ್ಟಿದ ಕಾಂಗ್ ಬಂದದ್ದು ಈ ಹಂತದಲ್ಲಿ. 2024ರ ಆರಂಭದಲ್ಲಿ ಮಹಿಳಾ ತಂಡದ ಬಹುಪಾಲು ಷೇರು ಕೊಂಡು, ಅದನ್ನು ಪುರುಷರ ಕ್ಲಬ್‌ನಿಂದ ಬೇರೆ ಮಾಡಿದರು. 2025ರ ಮೇನಲ್ಲಿ ಹೊಸ ಹೆಸರು ಬಂತು: 'ಓಎಲ್ ಲಿಯೊನ್'. ಊರಿನ ಹೆಸರು ಮತ್ತು 'ಸಿಂಹಿಣಿ' ಅನ್ನೋ ಫ್ರೆಂಚ್ ಪದ ಎರಡನ್ನೂ ಬೆಸೆದ ಪದಚಮತ್ಕಾರ ಅದು. 2025-26ರಿಂದ ಲೀಗ್ ಪಂದ್ಯಗಳೂ ಸುಮಾರು 59 ಸಾವಿರ ಆಸನಗಳ ದೊಡ್ಡ ಸ್ಟೇಡಿಯಂಗೆ ಬಂದವು. ಇತ್ತ ಫ್ರಾನ್ಸ್ 2024ರಲ್ಲಿ ವೃತ್ತಿಪರ ಮಹಿಳಾ ಲೀಗ್ ಸಂಸ್ಥೆಯನ್ನೇ ಸ್ಥಾಪಿಸಿತು. ಅದರ ಅಧ್ಯಕ್ಷರಾದವರು ಯಾರು ಗೊತ್ತಾ? ಅದೇ ಓಲಾಸ್.

ಬೇರೆ ಮಾಡಿದ್ದು ಸರಿಯೇ ಅಂತ ನನ್ನ ಅನಿಸಿಕೆ. ತಂಡಕ್ಕೆ ತನ್ನದೇ ಬಜೆಟ್, ತನ್ನದೇ ಹೆಸರು, ತನ್ನದೇ ಗ್ಯಾಲರಿ ಇದ್ದರೆ ಪುರುಷರ ತಂಡ ಸೋತ ವರ್ಷ ಮೊದಲು ಕತ್ತರಿ ಬೀಳೋದು ಇವರ ಮೇಲೆ ಅನ್ನೋ ಭಯ ಕಡಿಮೆಯಾಗುತ್ತೆ. ಆದರೆ ಒಬ್ಬ ಧನಿಕರ ಜಾಗಕ್ಕೆ ಇನ್ನೊಬ್ಬರು ಬಂದಿದ್ದಾರೆ ಅನ್ನೋದೂ ನಿಜ. ಕಾಂಗ್ ಬಳಿ ಅಮೆರಿಕದ ವಾಷಿಂಗ್ಟನ್ ಸ್ಪಿರಿಟ್, ಇಂಗ್ಲೆಂಡ್‌ನ ಲಂಡನ್ ಸಿಟಿ ಲಯನೆಸಸ್ ತಂಡಗಳೂ ಇವೆ. 2025ರಲ್ಲಿ ಲಿಯಾನ್‌ಗೆ ಕೋಚ್ ಆಗಿ ಬಂದ ಹೊನಾಟನ್ ಹಿರಾಲ್ಡೆಸ್ ವಾಷಿಂಗ್ಟನ್‌ನಿಂದ ಬಂದವರು. ಲಿಯಾನ್‌ನಲ್ಲಿದ್ದ ಡ್ಯಾನಿಯೆಲ್ ವಾನ್ ಡೆ ಡಾಂಕ್ ಅದೇ ಬೇಸಿಗೆಯಲ್ಲಿ ಲಂಡನ್ ಸಿಟಿ ಸೇರಿದರು. ಲಂಡನ್ ತಂಡವೂ ಈಗ ಇಂಗ್ಲೆಂಡ್‌ನ ಮೊದಲ ದರ್ಜೆಗೆ ಏರಿದೆ. ನಾಳೆ ಎರಡೂ ತಂಡಗಳಿಗೆ ಒಬ್ಬಳೇ ಸ್ಟ್ರೈಕರ್ ಬೇಕಾದರೆ ಆಕೆ ಎಲ್ಲಿ ಆಡಬೇಕು ಅಂತ ತೀರ್ಮಾನಿಸುವ ಮೇಜಿನ ಎರಡೂ ಬದಿಗೆ ಒಬ್ಬರೇ ಮಾಲೀಕರು ಇರುತ್ತಾರೆ.