ಧ್ಯಾನದ ಮೊದಲ ಮೆಟ್ಟಿಲು ಮತ್ತು ಸಿದ್ಧಿಯ ಸೆಳೆತ

ಧ್ಯಾನವನ್ನು ಕುರಿತು ನಮ್ಮ ಚಿಕಿತ್ಸಾಲಯದಲ್ಲಿ ಕೇಳಿಬರುವ ಪ್ರಶ್ನೆಗಳು ಈಚಿನ ವರ್ಷಗಳಲ್ಲಿ ಬದಲಾಗಿವೆ. ಹಿಂದೆ ಭಕ್ತರು, ‘ಪೂಜೆಗೆ ಕುಳಿತರೆ ಮನಸ್ಸು ನಿಲ್ಲುವುದಿಲ್ಲ, ಏನು ಮಾಡಬೇಕು?’ ಎಂದು ಕೇಳುತ್ತಿದ್ದರು. ಈಗ ಕೇಳುವುದು ಬೇರೆ. ‘ಕಣ್ಣು ಮುಚ್ಚಿದರೆ ಹುಬ್ಬುಗಳ ನಡುವೆ ನೀಲಿ ಬೆಳಕು ಕಾಣುತ್ತದೆ, ಆಜ್ಞಾಚಕ್ರ ತೆರೆಯಿತೆಂದು ತಿಳಿಯಬಹುದೇ?’ ‘ನಾನು ನೆನೆದವರೇ ಮರುಗಳಿಗೆ ಫೋನ್ ಮಾಡುತ್ತಾರೆ, ಇದು ಸಿದ್ಧಿಯ ಲಕ್ಷಣವೇ?’ ಕೆಲವೇ ದಿನಗಳಲ್ಲಿ ಮೂರನೆಯ ಕಣ್ಣು ತೆರೆಸುವುದಾಗಿ ಹೇಳುವ ವಿಡಿಯೊಗಳನ್ನು ಮೊಬೈಲಿನಲ್ಲಿ ನೋಡಿ ಧ್ಯಾನಕ್ಕೆ ತೊಡಗಿದವರೂ ಇವರಲ್ಲಿದ್ದಾರೆ.

ಧ್ಯಾನದ ಕಡೆಗೆ ಜನರ ಮನಸ್ಸು ತಿರುಗುತ್ತಿರುವುದು ಸಂತೋಷದ ಸಂಗತಿ. ವಿಶ್ವಸಂಸ್ಥೆಯೇ 2024ರಲ್ಲಿ ಡಿಸೆಂಬರ್ 21ನ್ನು ವಿಶ್ವ ಧ್ಯಾನ ದಿನವೆಂದು ಘೋಷಿಸಿದೆ. ಆದರೆ ಧ್ಯಾನವನ್ನು ಅತೀಂದ್ರಿಯ ಶಕ್ತಿಯ ಗಳಿಕೆಗೆ ದಾರಿಯೆಂದು ಹಿಡಿದವರಿಗೆ ಅದರಿಂದ ಅರಿವೂ ದೊರೆಯುವುದಿಲ್ಲ, ಆರೋಗ್ಯವೂ ದೊರೆಯುವುದಿಲ್ಲ. ಕೆಲವೊಮ್ಮೆ ಇದ್ದ ಆರೋಗ್ಯವೂ ಕೆಡುತ್ತದೆ. ಈ ಮಾತನ್ನು ನಾವು ಕೇವಲ ಗ್ರಂಥಗಳನ್ನೋದಿ ಹೇಳುತ್ತಿಲ್ಲ, ನಮ್ಮಿಂದಾದ ತಪ್ಪಿನಿಂದ ಕಲಿತು ಹೇಳುತ್ತಿದ್ದೇವೆ.

ನಮ್ಮಿಂದಾದ ತಪ್ಪು

ಸುಮಾರು ಮೂವತ್ತು ವರ್ಷಗಳ ಹಿಂದಿನ ಮಾತು. ಒಬ್ಬ ತಾಯಿ ತನ್ನ ಇಪ್ಪತ್ತೆರಡು ವರ್ಷದ ಮಗನನ್ನು ಕರೆತಂದರು. ಹುಡುಗ ಬೆಳಗಿನ ಮೂರು ಗಂಟೆಗೆ ಎದ್ದು ಧ್ಯಾನಕ್ಕೆ ಕೂರುತ್ತಿದ್ದ. ಒಂದೇ ಹೊತ್ತು ಊಟ, ಎರಡು ಗಂಟೆ ನಿದ್ರೆ, ಆದರೂ ದಣಿವಿಲ್ಲ. ಧ್ಯಾನದಲ್ಲಿ ಒಂದು ಧ್ವನಿ ತನಗೆ ಆಜ್ಞೆ ನೀಡುತ್ತದೆ, ಎದುರಿಗಿರುವವರ ಮನಸ್ಸಿನ ಮಾತು ತನಗೆ ಕೇಳಿಸುತ್ತದೆ ಎಂದು ಹೇಳಿದ. ತಾಯಿ ಹೆದರಿದ್ದರು. ನಾವು ಹೆದರಲಿಲ್ಲ. ಶಾಸ್ತ್ರ ಓದಿದ ಹಮ್ಮು ನಮ್ಮಲ್ಲಿತ್ತು. ‘ಪೂರ್ವಸಂಸ್ಕಾರದ ಫಲವಮ್ಮ, ತಡೆಯಬೇಡಿ’ ಎಂದು ಹೇಳಿ ಬ್ರಾಹ್ಮೀಘೃತ ಕೊಟ್ಟು ಕಳುಹಿಸಿದೆವು.

ಎರಡು ತಿಂಗಳ ನಂತರ ಒಂದು ರಾತ್ರಿ ಆ ಹುಡುಗ ಮನೆ ಬಿಟ್ಟು ಹೋದ. ನೆರೆಹೊರೆಯವರು ಹುಡುಕುತ್ತ ಹೋದಾಗ ಊರಾಚೆಯ ತೋಟದ ಬಾವಿಯ ಕಟ್ಟೆಯ ಮೇಲೆ ನಿಂತಿದ್ದ. ಧ್ವನಿಯು ‘ಇಳಿ’ ಎಂದಿತಂತೆ. ಮಾನಸಿಕ ಆಸ್ಪತ್ರೆಯಲ್ಲಿ ಚಿಕಿತ್ಸೆಯಾಯಿತು. ಅಲ್ಲಿಯ ವೈದ್ಯರು, ‘ಎರಡು ತಿಂಗಳ ಮೊದಲೇ ಬಂದಿದ್ದರೆ ಇಷ್ಟು ಕಷ್ಟವಾಗುತ್ತಿರಲಿಲ್ಲ’ ಎಂದರು. ಆ ತಾಯಿ ನಮ್ಮನ್ನು ಒಂದು ಮಾತೂ ಆಡಲಿಲ್ಲ. ಅದೇ ಇಂದಿಗೂ ನಮ್ಮ ಮನಸ್ಸಿನ ಭಾರ.

ಚರಕಸಂಹಿತೆಯ ಶಾರೀರಸ್ಥಾನದ ಮೊದಲ ಅಧ್ಯಾಯದಲ್ಲಿ ಯೋಗಿಗಳ ಎಂಟು ಐಶ್ವರ್ಯಗಳ ಪಟ್ಟಿಯಿದೆ. ಪರರ ಮನಸ್ಸನ್ನು ಅರಿಯುವುದು, ದಿವ್ಯ ದೃಷ್ಟಿ, ದಿವ್ಯ ಶ್ರವಣ ಮೊದಲಾದವು ಅದರಲ್ಲಿವೆ. ಅದೇ ಸಂಹಿತೆಯ ನಿದಾನಸ್ಥಾನವು ಉನ್ಮಾದವೆಂಬ ರೋಗವನ್ನು ವಿವರಿಸುವಾಗಲೂ ಎಂಟನ್ನೇ ಎಣಿಸುತ್ತದೆ: ಮನಸ್ಸು, ಬುದ್ಧಿ, ಸಂಜ್ಞಾಜ್ಞಾನ, ಸ್ಮೃತಿ, ಭಕ್ತಿ ಎಂದರೆ ಒಲವು, ಶೀಲ, ಚೇಷ್ಟೆ ಮತ್ತು ಆಚಾರ, ಇವುಗಳ ವಿಭ್ರಮವೇ ಉನ್ಮಾದ. ಆ ದಿನ ಎಂಟು ಐಶ್ವರ್ಯಗಳು ನಮಗೆ ನೆನಪಾದವು, ಎಂಟು ವಿಭ್ರಮಗಳು ನೆನಪಾಗಲಿಲ್ಲ. ನಿದ್ರೆ ಹೋಗಿತ್ತು, ಆಹಾರ ಕುಗ್ಗಿತ್ತು, ನಡತೆ ಬದಲಾಗಿತ್ತು. ಎದುರಿಗಿದ್ದ ಲಕ್ಷಣಗಳನ್ನು ನೋಡದೆ ನಾವು ಬಯಸಿದ್ದನ್ನು ನೋಡಿದೆವು.

ಸಿದ್ಧಿಯನ್ನು ಕುರಿತು ಹಿರಿಯರ ನಿಲುವು

ಸಿದ್ಧಿಗಳ ಮಾತು ನಮ್ಮ ಪರಂಪರೆಯಲ್ಲಿ ಇಲ್ಲವೆಂದು ಹೇಳಲಾಗದು. ಪತಂಜಲಿಯ ಯೋಗಸೂತ್ರದ ನಾಲ್ಕು ಪಾದಗಳಲ್ಲಿ ಮೂರನೆಯದರ ಹೆಸರೇ ವಿಭೂತಿಪಾದ. ಅದರ ಬಹುಭಾಗ ಇಂತಹ ಶಕ್ತಿಗಳ ವಿವರಣೆಗೇ ಮೀಸಲು. ಆದರೆ ಆ ಪಾದದಲ್ಲಿಯೇ ಪತಂಜಲಿಯು, ಹೊರಮುಖವಾದ ಮನಸ್ಸಿಗೆ ಸಿದ್ಧಿಗಳಾಗಿ ತೋರುವ ಇವು ಸಮಾಧಿಗೆ ವಿಘ್ನಗಳೆಂದು ಸ್ಪಷ್ಟವಾಗಿ ಹೇಳಿದ್ದಾನೆ. ಮೊದಲನೆಯ ಪಾದದಲ್ಲಿ ಅವನು ಸಾಧಕನ ಒಂಬತ್ತು ಅಡ್ಡಿಗಳನ್ನು ಎಣಿಸುತ್ತಾನೆ. ಅವುಗಳಲ್ಲಿ ಮೊದಲನೆಯದು ವ್ಯಾಧಿ, ಏಳನೆಯದು ಭ್ರಾಂತಿದರ್ಶನ, ಎಂದರೆ ಇಲ್ಲದ್ದನ್ನು ಕಂಡಂತಾಗುವುದು. ಕಂಡದ್ದೆಲ್ಲವೂ ದರ್ಶನವಲ್ಲ ಎಂಬ ಎಚ್ಚರ ಯೋಗಶಾಸ್ತ್ರದ ಬುಡದಲ್ಲಿಯೇ ಇದೆ.

ನಮ್ಮ ಶರಣರ ನಿಲುವು ಇನ್ನೂ ನೇರವಾದುದು. ಅಲ್ಲಮಪ್ರಭುಗಳೂ ಗೋರಕ್ಷನೂ ಎದುರಾದ ಪ್ರಸಂಗವನ್ನು ಚಾಮರಸನ ಪ್ರಭುಲಿಂಗಲೀಲೆಯಲ್ಲಿ ಎಲ್ಲರೂ ಕೇಳಿದ್ದೇವೆ. ಗೋರಕ್ಷನ ದೇಹಕ್ಕೆ ಕತ್ತಿ ತಾಗಿದರೆ ಗಾಯವಾಗದೆ ಖಣಿಲೆಂಬ ಸದ್ದು ಬಂದಿತು. ಅದೇ ಕತ್ತಿಯನ್ನು ಗೋರಕ್ಷನು ಪ್ರಭುಗಳ ಮೇಲೆ ಬೀಸಿದಾಗ ಅದು ಬಯಲಿನಲ್ಲಿ ಆಡಿದಂತೆ ಹಾದುಹೋಯಿತು. ದೇಹವನ್ನು ವಜ್ರವಾಗಿಸುವುದು ಸಾಧನೆಯಲ್ಲ, ‘ನಾನು’ ಎಂಬ ಗಟ್ಟಿತನ ಕರಗುವುದೇ ಸಾಧನೆ ಎಂಬುದು ಆ ಕಥೆಯ ತಿರುಳು. ಶಕ್ತಿಯ ಬಯಕೆಯಿಂದ ಕೂರುವವನು ಕರಗಬೇಕಾದ ಅಹಂಕಾರಕ್ಕೇ ಉಣಬಡಿಸುತ್ತಾನೆ.

ಬೆಳಕು, ನಾದ, ನಡುಕ: ದೇಹದ ಲೆಕ್ಕ

ಹಾಗಾದರೆ ಹೊಸ ಸಾಧಕರಿಗೆ ಕಾಣುವ ಬೆಳಕು ಸುಳ್ಳೇ? ಸುಳ್ಳಲ್ಲ. ಅದು ನಿಜವಾಗಿಯೂ ಕಾಣುತ್ತದೆ. ಆದರೆ ಅದರ ಕಾರಣ ಹೆಚ್ಚಿನ ಸಂದರ್ಭಗಳಲ್ಲಿ ದೇಹದಲ್ಲಿಯೇ ಇರುತ್ತದೆ. ಕಣ್ಣು ಮುಚ್ಚಿದರೂ ಅಕ್ಷಿಪಟ ಮತ್ತು ಮಿದುಳಿನ ದೃಷ್ಟಿಭಾಗ ಸುಮ್ಮನಿರುವುದಿಲ್ಲ. ಹೊರಗಿನ ಬೆಳಕು ಇಲ್ಲದಾಗಲೂ ಅವು ಬಣ್ಣದ ಚುಕ್ಕೆ, ಅಲೆ, ಉಂಗುರಗಳನ್ನು ತೋರಿಸುತ್ತವೆ. ದೀಪದ ಕುಡಿಯನ್ನು ಬಹಳ ಹೊತ್ತು ನೋಡಿ ಕಣ್ಣು ಮುಚ್ಚಿದರೆ ಅದರ ಅಚ್ಚು ಬೇರೆ ಬಣ್ಣದಲ್ಲಿ ಉಳಿಯುತ್ತದೆ.

ಇಷ್ಟಲಿಂಗದ ಮೇಲೆ ದೃಷ್ಟಿಯಿಟ್ಟು ಕುಳಿತವರಿಗೆ ಸುತ್ತಲಿನ ವಸ್ತುಗಳು ಮಸುಕಾಗಿ, ಅಂಗೈಯ ಅಂಚೇ ಮಾಯವಾದಂತೆ ಭಾಸವಾಗುವುದುಂಟು. ಒಂದೇ ಬಿಂದುವಿನಲ್ಲಿ ನೋಟ ನಿಂತಾಗ ಅಂಚಿನ ನೋಟ ಮಾಸುತ್ತದೆ ಎಂಬುದನ್ನು ಸ್ವಿಟ್ಜರ್ಲೆಂಡಿನ ವೈದ್ಯ ಟ್ರಾಕ್ಸ್‌ಲರ್ 1804ರಲ್ಲಿಯೇ ವಿವರಿಸಿದರು. ಇದು ಆರೋಗ್ಯವಂತ ಕಣ್ಣಿನ ಸಹಜ ಧರ್ಮ. ತೂಕಡಿಕೆಯ ಅಂಚಿನಲ್ಲಿ ಮುಖಗಳು ಕಾಣುವುದು, ಯಾರೋ ಹೆಸರು ಹಿಡಿದು ಕರೆದಂತಾಗುವುದು, ಮೈ ಥಟ್ಟನೆ ಬೆಚ್ಚುವುದು ಇವೂ ನಿದ್ರೆಯ ಬಾಗಿಲಿನ ಅನುಭವಗಳು. ಬೆಳಗಿನ ಉಪವಾಸದಲ್ಲಿ ದೀರ್ಘ ಪೂಜೆಗೆ ಕುಳಿತ ಮಧುಮೇಹಿಗಳಿಗೆ ಬೆವರು, ನಡುಕ, ಮಂಪರು ಬಂದುದನ್ನು ಮನೆಯವರು ‘ಆವೇಶ’ವೆಂದು ಕೈಮುಗಿದು ನಿಂತ ಪ್ರಸಂಗವನ್ನೂ ನಾವು ಕಂಡಿದ್ದೇವೆ. ಅದು ರಕ್ತದ ಸಕ್ಕರೆ ಇಳಿದ ಲಕ್ಷಣ. ಅಲ್ಲಿ ಬೇಕಾಗಿದ್ದುದು ಒಂದು ಲೋಟ ಸಕ್ಕರೆ ನೀರು.

ನೆನೆದವರೇ ಫೋನ್ ಮಾಡುವ ವಿಷಯ ಸ್ಮೃತಿಗೆ ಸೇರಿದ್ದು. ದಿನಕ್ಕೆ ಎಷ್ಟೋ ಜನರನ್ನು ನೆನೆಯುತ್ತೇವೆ. ಕರೆ ಮಾಡದವರ ಲೆಕ್ಕವನ್ನು ಮನಸ್ಸು ಇಡುವುದಿಲ್ಲ. ಮಾಡಿದ ಒಬ್ಬರು ಮಾತ್ರ ನೆನಪಿನಲ್ಲಿ ಉಳಿಯುತ್ತಾರೆ. ಇದನ್ನು ಲೆಕ್ಕವಿಟ್ಟು ಪರೀಕ್ಷಿಸಿದವರೂ ಇದ್ದಾರೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಜೆ. ಬಿ. ರೈನ್ ಅವರು 25 ಎಲೆಗಳ ಒಂದು ಕಟ್ಟನ್ನು ಬಳಸಿ, ಮುಚ್ಚಿಟ್ಟ ಎಲೆಯ ಚಿಹ್ನೆಯನ್ನು ಹೇಳಿಸುತ್ತಿದ್ದರು. ಚಿಹ್ನೆಗಳು ಐದು ಬಗೆಯವಾದ್ದರಿಂದ ಸುಮ್ಮನೆ ಊಹಿಸಿದರೂ ಸರಾಸರಿ ಐದು ಸರಿಯಾಗುತ್ತವೆ. ಅದಕ್ಕಿಂತ ಹೆಚ್ಚು ಸರಿಯಾದವೆಂದು ಅವರು 1934ರಲ್ಲಿ ಪುಸ್ತಕ ಪ್ರಕಟಿಸಿದರು. ಆದರೆ ಬೇರೆಯವರು ಬಿಗಿಯಾದ ನಿಯಮಗಳೊಡನೆ ಮಾಡಿದಾಗ ಆ ಫಲ ಸ್ಥಿರವಾಗಿ ದೊರೆಯಲಿಲ್ಲ.

ಮಕ್ಕಳಿಗೆ ಕಣ್ಣು ಕಟ್ಟಿ ಓದಿಸುವುದಾಗಿ ಹೇಳಿ ಹಣ ಪಡೆಯುವ ತರಬೇತಿಗಳ ಬಗೆಗೂ ಪೋಷಕರು ಎಚ್ಚರದಿಂದಿರಬೇಕು. ಮೂಗಿನ ಪಕ್ಕದ ಸಂದಿಯಿಂದ ಮಗು ಕೆಳಗೆ ನೋಡುತ್ತಿರುತ್ತದೆ. ಆ ಸಂದಿಯನ್ನು ಪೂರ್ತಿ ಮುಚ್ಚಿದರೆ ಓದು ನಿಲ್ಲುತ್ತದೆ. ಇದರಿಂದ ಮಗು ಕಲಿಯುವುದು ದಿವ್ಯದೃಷ್ಟಿಯನ್ನಲ್ಲ, ತಂದೆತಾಯಿಗಳ ಮುಂದೆ ನಟಿಸುವುದನ್ನು.

ಆರಂಭಿಸುವವರಿಗೆ ಕ್ರಮ

ಧ್ಯಾನವನ್ನು ಹೊಸದಾಗಿ ಆರಂಭಿಸುವವರಿಗೆ ನಾವು ಸೂಚಿಸುವ ಕ್ರಮ ಸರಳವಾದುದು.

ಮೊದಲನೆಯದು ಕಾಲ. ಬೆಳಿಗ್ಗೆ ಸ್ನಾನದ ನಂತರ ಹತ್ತು ನಿಮಿಷ ಸಾಕು. ಒಂದು ತಿಂಗಳು ತಪ್ಪದೆ ನಡೆದ ಮೇಲೆ ಹದಿನೈದಕ್ಕೆ, ನಂತರ ಇಪ್ಪತ್ತಕ್ಕೆ ಏರಿಸಬಹುದು. ಒಂದು ದಿನ ಎರಡು ಗಂಟೆ ಕುಳಿತು ವಾರವಿಡೀ ಬಿಡುವುದಕ್ಕಿಂತ ದಿನವೂ ಹತ್ತು ನಿಮಿಷ ಕೂರುವುದು ಮೇಲು.

ಎರಡನೆಯದು ಆಸನ. ಚಾಪೆಯ ಮೇಲೆ ಕೂರಲಾಗದ ಹಿರಿಯರು ಕುರ್ಚಿಯಲ್ಲಿ ಕೂರಬಹುದು. ಬೆನ್ನು ನೆಟ್ಟಗಿರಲಿ, ಭುಜಗಳು ಸಡಿಲವಾಗಿರಲಿ. ಮಂಡಿನೋವನ್ನು ಸಹಿಸುವುದು ತಪಸ್ಸಲ್ಲ.

ಮೂರನೆಯದು ಉಸಿರು. ವಿಶ್ರಾಂತಿಯಲ್ಲಿರುವ ವಯಸ್ಕರ ಉಸಿರು ನಿಮಿಷಕ್ಕೆ 12ರಿಂದ 20 ಬಾರಿ ಆಡುತ್ತದೆ. ಮೊದಲ ಎರಡು ಮೂರು ನಿಮಿಷ ಉಸಿರನ್ನು ನಿಧಾನವಾಗಿ ಒಳಗೆಳೆದು, ಅದಕ್ಕಿಂತ ನಿಧಾನವಾಗಿ ಹೊರಬಿಡಿರಿ. ನಿಮಿಷಕ್ಕೆ ಸುಮಾರು ಆರರವರೆಗೆ ಇಳಿದರೆ ಹೃದಯದ ಬಡಿತ ಉಸಿರಿನೊಡನೆ ಹೊಂದಿಕೊಳ್ಳುತ್ತದೆ, ಮೈ ಸಡಿಲಗೊಳ್ಳುತ್ತದೆ. ಉಸಿರನ್ನು ಬಿಗಿಹಿಡಿಯುವ ಕುಂಭಕವನ್ನು ಆರಂಭದಲ್ಲಿ ಮಾಡಬಾರದು. ರಕ್ತದೊತ್ತಡ ಮತ್ತು ಹೃದ್ರೋಗ ಇರುವವರಂತೂ ಅದನ್ನು ಮುಟ್ಟಲೇಬಾರದು.

ನಾಲ್ಕನೆಯದು ದೃಷ್ಟಿ. ದೀಕ್ಷೆ ಪಡೆದವರು ಎಡ ಅಂಗೈಯ ಇಷ್ಟಲಿಂಗದಲ್ಲಿ ನೋಟ ನಿಲ್ಲಿಸಲಿ. ಉಳಿದವರು ಕಣ್ಣು ಮುಚ್ಚಿ ಉಸಿರಿನ ಮೇಲೆ ಗಮನವಿಡಲಿ. ಅನಿಮಿಷ ದೃಷ್ಟಿಯೆಂದು ಕಣ್ಣನ್ನು ಹಿಂಸಿಸಬಾರದು. ರೆಪ್ಪೆ ತಾನಾಗಿ ಮುಚ್ಚಿದರೆ ಮುಚ್ಚಲಿ. ಸೂರ್ಯನನ್ನು ಎವೆಯಿಕ್ಕದೆ ನೋಡುವ ಅಭ್ಯಾಸ ಅಕ್ಷಿಪಟವನ್ನು ಸುಡುತ್ತದೆ. ಯಾರು ಹೇಳಿದರೂ ಅದನ್ನು ಮಾಡಬೇಡಿರಿ.

ಐದನೆಯದು ಮನಸ್ಸು. ಅದು ಅಂಗಡಿಗೆ, ಹೊಲಕ್ಕೆ, ಮಗಳ ಮದುವೆಗೆ ಹೋಗಿಯೇ ಹೋಗುತ್ತದೆ. ಹೋದದ್ದು ತಿಳಿದಾಗ ಬೈಯದೆ ಕರೆತನ್ನಿರಿ. ಹತ್ತು ನಿಮಿಷದಲ್ಲಿ ನೂರು ಬಾರಿ ಕರೆತಂದರೂ ಅದು ಸೋಲಲ್ಲ, ಅದೇ ಅಭ್ಯಾಸ. ಬೆಳಕು ಕಂಡರೂ ನಾದ ಕೇಳಿದರೂ ಇದೇ ನಿಯಮ: ಕಂಡಿತೆಂದು ಹಿಗ್ಗಬೇಡಿರಿ, ಕಾಣಲಿಲ್ಲವೆಂದು ಕುಗ್ಗಬೇಡಿರಿ, ಲಿಂಗಕ್ಕೆ ಅಥವಾ ಉಸಿರಿಗೆ ಮರಳಿರಿ.

ಯಾವಾಗ ವೈದ್ಯರನ್ನು ಕಾಣಬೇಕು?

ಆಯುರ್ವೇದವು ತಡೆಯಬಾರದ ಹದಿಮೂರು ವೇಗಗಳನ್ನು ಹೇಳುತ್ತದೆ. ಹಸಿವು, ಬಾಯಾರಿಕೆ, ನಿದ್ರೆ ಅವುಗಳಲ್ಲಿ ಸೇರಿವೆ. ತಡೆಯಬೇಕಾದ ವೇಗಗಳು ಬೇರೆ: ಲೋಭ, ಕ್ರೋಧ, ಅಸೂಯೆ ಮುಂತಾದವು. ನಿದ್ರೆಯನ್ನು ತಡೆದು ಕ್ರೋಧವನ್ನು ಬೆಳೆಸುವ ಧ್ಯಾನ ಶಾಸ್ತ್ರಕ್ಕೆ ತಿರುಗುಮುರುಗಾದ ಧ್ಯಾನ.

ಮನೆಯವರು ಈ ಲಕ್ಷಣಗಳನ್ನು ಗಮನಿಸಬೇಕು: ಹಲವು ದಿನ ನಿದ್ರೆಯಿಲ್ಲದಿದ್ದರೂ ದಣಿವಿಲ್ಲದಿರುವುದು, ಧ್ಯಾನ ಮುಗಿದ ಮೇಲೂ ಧ್ವನಿಗಳು ಕೇಳಿಸುವುದು, ಅವು ಆಜ್ಞೆ ನೀಡುವುದು, ತನಗೆ ವಿಶೇಷ ಶಕ್ತಿ ಬಂದಿದೆ ಅಥವಾ ಎಲ್ಲರೂ ತನ್ನ ವಿರುದ್ಧವಿದ್ದಾರೆ ಎಂಬ ಅಲುಗದ ನಂಬಿಕೆ, ಊಟ, ಸ್ನಾನ, ಕೆಲಸಗಳನ್ನು ಬಿಟ್ಟು ಒಂಟಿಯಾಗುವುದು, ಸಾವಿನ ಮಾತು. ಇವುಗಳಲ್ಲಿ ಒಂದು ಕಂಡರೂ ಧ್ಯಾನವನ್ನು ನಿಲ್ಲಿಸಿ ಮನೋವೈದ್ಯರಲ್ಲಿಗೆ ಕರೆದೊಯ್ಯಿರಿ. ಕೇಂದ್ರ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲುರಾತ್ರಿ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು. ಈಗಾಗಲೇ ಮಾನಸಿಕ ರೋಗಕ್ಕೆ ಅಥವಾ ಮೂರ್ಛೆರೋಗಕ್ಕೆ ಔಷಧ ಸೇವಿಸುತ್ತಿರುವವರು, ಧ್ಯಾನ ಆರಂಭಿಸಿದೆವೆಂದು ಔಷಧವನ್ನು ಬಿಡಬಾರದು. ಚಿಕಿತ್ಸೆ ನೀಡುತ್ತಿರುವ ವೈದ್ಯರನ್ನು ಕೇಳಿಯೇ ಧ್ಯಾನಕ್ಕೆ ಕೂರಬೇಕು. ರೋಗಕ್ಕೆ ಔಷಧ ತೆಗೆದುಕೊಳ್ಳುವುದು ಭಕ್ತಿಯ ಕೊರತೆಯಲ್ಲ.

ಸಾಧನೆಯ ಅಳತೆ

ಧ್ಯಾನ ಫಲಿಸುತ್ತಿದೆಯೇ ಎಂದು ತಿಳಿಯಲು ಒಳಗಿನ ಬೆಳಕನ್ನು ಕೇಳಬೇಕಾಗಿಲ್ಲ, ಮನೆಯವರನ್ನು ಕೇಳಿದರೆ ಸಾಕು. ಆರು ತಿಂಗಳ ನಂತರ ನಿದ್ರೆ ಸುಧಾರಿಸಿದೆಯೇ? ಸಿಟ್ಟು ಬೇಗ ಇಳಿಯುತ್ತಿದೆಯೇ? ಕಾಯಕದಲ್ಲಿ ಮನಸ್ಸು ನಿಲ್ಲುತ್ತಿದೆಯೇ? ಸೊಸೆಯೊಡನೆ, ಆಳುಕಾಳುಗಳೊಡನೆ ಮಾತು ಮೃದುವಾಗಿದೆಯೇ? ಇವುಗಳಿಗೆ ‘ಹೌದು’ ಎಂಬ ಉತ್ತರ ಬಂದರೆ, ಏನೂ ಕಾಣದಿದ್ದರೂ ನಿಮ್ಮ ಧ್ಯಾನ ಸರಿಯಾದ ದಾರಿಯಲ್ಲಿದೆ. ಷಟ್‌ಸ್ಥಲದ ಮೊದಲ ಮೆಟ್ಟಿಲು ಭಕ್ತಸ್ಥಲ. ಅಲ್ಲಿ ಬೇಕಾಗಿರುವುದು ಶಕ್ತಿಯಲ್ಲ, ಶ್ರದ್ಧೆ.

ಆ ಹುಡುಗ ಈಗ ಐವತ್ತು ದಾಟಿದ ಗೃಹಸ್ಥ. ಊರಿನಲ್ಲಿ ಕಿರಾಣಿ ಅಂಗಡಿ ನಡೆಸುತ್ತಿದ್ದಾರೆ. ಔಷಧವನ್ನು ಇಂದಿಗೂ ತಪ್ಪಿಸುವುದಿಲ್ಲ. ತಮ್ಮ ವೈದ್ಯರ ಒಪ್ಪಿಗೆ ಪಡೆದು ದಿನವೂ ಬೆಳಿಗ್ಗೆ ವಿಭೂತಿ ಧರಿಸಿ, ಹತ್ತು ನಿಮಿಷ ಲಿಂಗಪೂಜೆ ಮಾಡಿ ಅಂಗಡಿಯ ಬಾಗಿಲು ತೆರೆಯುತ್ತಾರೆ. ಕಳೆದ ವರ್ಷ ಜಾತ್ರೆಯಲ್ಲಿ ಸಿಕ್ಕಾಗ, ‘ಈಗ ಪೂಜೆಯಲ್ಲಿ ಏನಾದರೂ ಕಾಣುತ್ತದೆಯೇ?’ ಎಂದು ಅಳುಕಿನಿಂದಲೇ ಕೇಳಿದೆವು. ಅವರು ನಕ್ಕು, ‘ಲಿಂಗ ಕಾಣತೈತ್ರಿ ಡಾಕ್ಟ್ರ, ಅಷ್ಟ ಸಾಕು’ ಎಂದರು.

ಪತಂಜಲಿಯ ಗ್ರಂಥದಲ್ಲಿ ವಿಭೂತಿಯೆಂದರೆ ಶಕ್ತಿ. ನಾವು ಹಣೆಗೆ ಧರಿಸುವ ವಿಭೂತಿಯಾದರೋ ಎಲ್ಲವೂ ಸುಟ್ಟ ಮೇಲೆ ಉಳಿದ ಭಸ್ಮ. ಧ್ಯಾನಕ್ಕೆ ಕೂರುವ ಮುನ್ನ ಇವೆರಡರಲ್ಲಿ ಯಾವ ವಿಭೂತಿಯನ್ನು ಬಯಸಿ ಕೂರುತ್ತಿದ್ದೇವೆ ಎಂದು ಪ್ರತಿಯೊಬ್ಬರೂ ಒಮ್ಮೆ ಕೇಳಿಕೊಳ್ಳುವುದು ಒಳಿತು.