‘ಮತ್ತು’ವಿನ ಹಿಂದಿನ ಅಲ್ಪವಿರಾಮ

ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ಎಂದು ನಾನು ಬರೆದರೆ ನೀವು ಎಷ್ಟು ಊರು ಎಣಿಸುವಿರಿ? ನಾಲ್ಕೆಂದು ಯಾರೂ ಹೇಳುವರು. ಬೈಲಹೊಂಗಲದಲ್ಲಿ ರಾಣಿ ಚೆನ್ನಮ್ಮನ ಸಮಾಧಿಯಿದೆ. ಕಿತ್ತೂರು 1824ರ ಕಾಳಗದಿಂದ ಹೆಸರಾಯಿತು. ಸವದತ್ತಿಗೆ ಎಲ್ಲಮ್ಮನ ಗುಡ್ಡವುಂಟು. ರಾಮದುರ್ಗವು 1948ರ ವರೆಗೆ ಒಂದು ಸಂಸ್ಥಾನವಾಗಿತ್ತು. ನಾಲ್ಕನ್ನೂ ಬಲ್ಲವರಾದ ಕಾರಣ ನಮಗೆ ಸಂಶಯ ಬಾರದು. ಆದರೆ ಎಣಿಸತಕ್ಕದ್ದು ಊರಾಗಿರದೆ ಅಣ್ಣತಮ್ಮಂದಿರ ಪಾಲಾಗಿದ್ದರೆ? ಆಗ ‘ಸವದತ್ತಿ’ಯ ಮುಂದೆ ಒಂದು ಅಲ್ಪವಿರಾಮ ಇರಬೇಕಿತ್ತೋ ಇಲ್ಲವೋ ಎಂಬ ಪ್ರಶ್ನೆಯು ಮನೆಯನ್ನೇ ಎರಡಾಗಿಸಬಲ್ಲದು. ನಾನು ಕಣ್ಣಾರೆ ಕಂಡ ಒಂದು ಪ್ರಸಂಗವನ್ನು ನಿವೇದಿಸುವೆನು.

ನಾನು ಸಂಸ್ಕೃತವನ್ನು ಅಭ್ಯಸಿಸಿದವನು. ಆದರೂ ಹಳ್ಳಿಯ ಶಾಲೆಯಲ್ಲಿ ಶಿಕ್ಷಕರ ಕೊರತೆಯ ಮೂಲಕ ಬಹು ವರ್ಷ ಇಂಗ್ಲಿಷ್ ಪಾಠವನ್ನೂ ಹೇಳಬೇಕಾಯಿತು. ನಿವೃತ್ತನಾದ ಮೇಲೆ ಒಂದು ಸಂಜೆ ಸವದತ್ತಿಯ ಕಡೆಯ ಒಕ್ಕಲುತನದ ಮನೆಯವರು ಒಂದು ಕಾಗದವನ್ನು ಹಿಡಿದು ನನ್ನಲ್ಲಿಗೆ ಬಂದರು. ಮನೆಯ ಯಜಮಾನರು ತೀರಿಕೊಂಡಿದ್ದರು. ತಮ್ಮ ಹೆಸರಿನಲ್ಲಿದ್ದ ಹನ್ನೆರಡು ಲಕ್ಷ ರೂಪಾಯಿಗಳನ್ನು ಹೇಗೆ ಹಂಚಬೇಕೆಂಬುದನ್ನು ಓದುಬಲ್ಲ ಅಳಿಯನ ಕೈಯಿಂದ ಇಂಗ್ಲಿಷಿನಲ್ಲಿ ಬರೆಯಿಸಿ ಸಹಿ ಮಾಡಿದ್ದರು. ಹಿರಿಯ ಮಗ, ಕಿರಿಯ ಮಗ, ಗಂಡನನ್ನು ಕಳೆದುಕೊಂಡ ನಡುವಿನ ಸೊಸೆ ಮತ್ತು ಆಕೆಯ ಮಗ, ಇವರಲ್ಲಿ ಸಮನಾಗಿ ಹಂಚತಕ್ಕದ್ದು ಎಂಬುದೇ ಅದರ ತಾತ್ಪರ್ಯ. ‘ಆಂಡ್’ ಶಬ್ದದ ಹಿಂದೆ ಅಲ್ಪವಿರಾಮವಿರಲಿಲ್ಲ.

“ಗುರುಗಳ, ಇದರಾಗ ಮೂರು ಪಾಲೋ ನಾಕು ಪಾಲೋ, ನೀವ ಹೇಳ್ರಿ” ಎಂದರು. ತಾಯಿಮಗನದು ಕೂಡಿ ಒಂದೇ ಪಾಲೆಂದರೆ ಮೂರು ಪಾಲು. ಪ್ರತಿಯೊಂದು ನಾಲ್ಕು ಲಕ್ಷ. ಬೇರೆ ಬೇರೆಯೆಂದರೆ ನಾಲ್ಕು ಪಾಲು. ಪ್ರತಿಯೊಂದು ಮೂರು ಲಕ್ಷ, ತಾಯಿಮಗನಿಗೆ ಒಟ್ಟು ಆರು. ಒಂದು ಚಿಕ್ಕೆಯ ಬಾಲದಿಂದ ಆ ವಿಧವೆಗೂ ಕೂಸಿಗೂ ಎರಡು ಲಕ್ಷದ ಅಂತರ! ಅಲ್ಪವಿರಾಮವನ್ನು ಅಲ್ಪವೆಂದವರಾರು?

ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಶಾಲೆಯಲ್ಲಿ ‘ಆಂಡ್’ ಹಿಂದೆ ಅಲ್ಪವಿರಾಮ ಇಟ್ಟ ಮಕ್ಕಳಿಗೆ ನಾನು ಅರ್ಧ ಗುಣ ಕಳೆಯುತ್ತ ಬಂದವನು. ರೆನ್ ಮತ್ತು ಮಾರ್ಟಿನ್ನರ ವ್ಯಾಕರಣವೇ ನನಗೆ ಆಧಾರ. ಆದರೆ ಅದನ್ನು ಮತ್ತೆ ತೆರೆದು ನೋಡಿದಾಗ, ಆ ಸ್ಥಳದಲ್ಲಿ ಚಿಹ್ನೆಯನ್ನು ‘ಸಾಮಾನ್ಯವಾಗಿ’ ಇಡುವದಿಲ್ಲವೆಂದಷ್ಟೇ ಅವರು ಹೇಳಿದ್ದು ಕಂಡಿತು. ಆ ‘ಸಾಮಾನ್ಯವಾಗಿ’ ಎಂಬ ಮಾತನ್ನು ನಾನು ನುಂಗಿಬಿಟ್ಟಿದ್ದೆನು. ಆ ಮಕ್ಕಳ ಅರ್ಧ ಗುಣಗಳನ್ನು ಈಗ ಯಾರು ಮರಳಿಸಬೇಕು?

ಇಂಗ್ಲಿಷರಲ್ಲಿಯೇ ಈ ವಿಷಯದಲ್ಲಿ ಏಕಮತವಿಲ್ಲ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಮುದ್ರಣಾಲಯದಲ್ಲಿ ಹೊರೇಸ್ ಹಾರ್ಟ್ ಎಂಬವರು 1893ರಲ್ಲಿ ಅಕ್ಷರ ಜೋಡಿಸುವವರಿಗಾಗಿ ನಿಯಮಗಳನ್ನು ಮಾಡಿದರು. 1904ರಲ್ಲಿ ಅವು ಸಾರ್ವಜನಿಕರಿಗೂ ದೊರೆತವು. ಆ ಮುದ್ರಣಾಲಯವು ಕಡೆಯ ಅಲ್ಪವಿರಾಮವನ್ನು ಬಹುಕಾಲ ಪಾಲಿಸಿಕೊಂಡು ಬಂದುದರಿಂದ ಅದಕ್ಕೆ ‘ಆಕ್ಸ್‌ಫರ್ಡ್ ಕಾಮಾ’ ಎಂದು ಹೆಸರಾಯಿತು. ಅಮೇರಿಕೆಯ ಶಿಕಾಗೋ ವಿಶ್ವವಿದ್ಯಾಲಯದ ಕೈಪಿಡಿಯೂ ಅದು ಬೇಕೆನ್ನುತ್ತದೆ. ವೃತ್ತಪತ್ರಗಳವರು ಬಹುಮಟ್ಟಿಗೆ ಬೇಡವೆನ್ನುವರು. ನಮ್ಮ ಸಂವಿಧಾನದ ಇಂಗ್ಲಿಷ್ ಪೀಠಿಕೆಯನ್ನೇ ನೋಡಿರಿ: ವಿಚಾರ, ಅಭಿವ್ಯಕ್ತಿ ಮೊದಲಾಗಿ ಐದು ಬಗೆಯ ಸ್ವಾತಂತ್ರ್ಯವನ್ನು ಎಣಿಸುವ ಸಾಲಿನಲ್ಲಿ ‘ಆಂಡ್’ ಹಿಂದೆ ಆ ಚಿಹ್ನೆಯಿಲ್ಲ. ಆದರೂ ಅಲ್ಲಿ ಯಾರಿಗೂ ಸಂಶಯವಿಲ್ಲ.

ಸಂಶಯ ಬಂದರೆ ಏನಾಗುವದೆಂಬುದಕ್ಕೆ ಅಮೇರಿಕೆಯ ಮೇನ್ ಪ್ರಾಂತದ ಒಂದು ವ್ಯಾಜ್ಯವು ಸಾಕ್ಷಿ. ಅಲ್ಲಿಯ ಕಾಯಿದೆಯೊಂದು ಯಾವ ಯಾವ ಕೆಲಸಕ್ಕೆ ಹೆಚ್ಚಿನ ಹೊತ್ತಿನ ಹೆಚ್ಚಿನ ಕೂಲಿ ಸಲ್ಲದೆಂದು ಎಣಿಸುತ್ತ, ಕಡೆಯಲ್ಲಿ ಆಹಾರಪದಾರ್ಥಗಳನ್ನು ಸಾಗಣೆಗೆ ಅಥವಾ ವಿತರಣೆಗೆ ಕಟ್ಟುವದು ಎಂಬರ್ಥ ಬರುವ ಮಾತನ್ನಿಟ್ಟಿತ್ತು. ‘ಅಥವಾ’ದ ಹಿಂದೆ ಅಲ್ಪವಿರಾಮವಿರಲಿಲ್ಲ. ವಿತರಣೆಯೆಂಬುದು ಬೇರೆ ಕೆಲಸವೋ, ಕಟ್ಟುವದರಲ್ಲಿಯೇ ಸೇರಿದ್ದೋ? ಓಕ್‌ಹರ್ಸ್ಟ್ ಎಂಬ ಹಾಲಿನ ಕಂಪನಿಯ ವಾಹನಚಾಲಕರು, ತಾವು ಹಾಲನ್ನು ವಿತರಿಸುವವರೇ ಹೊರತು ಕಟ್ಟುವವರಲ್ಲ, ಆದಕಾರಣ ಹೆಚ್ಚಿನ ಕೂಲಿ ತಮಗೆ ಸಲ್ಲಬೇಕೆಂದು ವಾದಿಸಿದರು. 2017ರಲ್ಲಿ ಮೇಲಿನ ನ್ಯಾಯಾಲಯವು ಕಾಯಿದೆಯ ಮಾತು ಸಂದಿಗ್ಧವೆಂದು ಚಾಲಕರ ಕಡೆಗೆ ತೀರ್ಪಿತ್ತಿತು. 2018ರಲ್ಲಿ ಐವತ್ತು ಲಕ್ಷ ಡಾಲರುಗಳಿಗೆ ರಾಜಿಯಾಯಿತು.

ಹಾಗೆಂದು ಕಡೆಯ ಅಲ್ಪವಿರಾಮವು ಸರ್ವರೋಗಕ್ಕೂ ಮದ್ದಲ್ಲ. ‘ನನ್ನ ತಂಗಿ, ವೈದ್ಯೆ, ಮತ್ತು ನೆರೆಯವರು ಬಂದರು’ ಎಂದು ಇಂಗ್ಲಿಷಿನಲ್ಲಿ ಬರೆದರೆ, ತಂಗಿಯೇ ವೈದ್ಯೆಯೋ, ವೈದ್ಯೆ ಬೇರೊಬ್ಬಳೋ? ಇಲ್ಲಿ ಆ ಚಿಹ್ನೆಯೇ ಸಂಶಯವನ್ನು ಹುಟ್ಟಿಸಿತು.

ನಮ್ಮ ಹಿರಿಯರು ಈ ತೊಡಕನ್ನು ಹೇಗೆ ದಾಟಿದರು? ತಾಡವೋಲೆಗಳಲ್ಲಿ ದಂಡವೊಂದನ್ನುಳಿದು ಬೇರೆ ವಿರಾಮಚಿಹ್ನೆಗಳು ಅಪರೂಪ. ಪದಗಳ ನಡುವೆ ತೆರಪೂ ಇರದು. ಭಾರವನ್ನೆಲ್ಲ ಶಬ್ದವೇ ಹೊತ್ತಿತು. ಸಂಸ್ಕೃತದಲ್ಲಿ ‘ಚ’ಕಾರದ ಅರ್ಥದಲ್ಲಿ ದ್ವಂದ್ವಸಮಾಸವನ್ನು ಪಾಣಿನಿಯು ವಿಧಿಸಿದನು. ‘ರಾಮಲಕ್ಷ್ಮಣೌ’ ಎಂದರೆ ದ್ವಿವಚನ, ಇಬ್ಬರೇ. ‘ರಾಮಲಕ್ಷ್ಮಣಭರತಾಃ’ ಎಂದರೆ ಬಹುವಚನ. ಪ್ರತ್ಯಯವೇ ಲೆಕ್ಕ ಒಪ್ಪಿಸುವದು.

ಕನ್ನಡದ ಉಪಾಯವು ಇನ್ನೂ ಸರಳ. ಹಳಗನ್ನಡದ ‘ಉಂ’, ಇಂದಿನ ‘ಊ’, ಪ್ರತಿಯೊಂದು ಪದದ ತುದಿಗೂ ಬಂದು ನಿಲ್ಲುವದು. ‘ರಾಮನೂ ಲಕ್ಷ್ಮಣನೂ ಸೀತೆಯೂ’ ಎಂದಾಗ ಒಬ್ಬೊಬ್ಬರ ಕೈಗೂ ಒಂದೊಂದು ಚೀಟಿ ಕೊಟ್ಟಂತಾಯಿತು. ಅಲ್ಪವಿರಾಮವು ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಸಾಲಿನ ಕಡೆಯಲ್ಲಿ ಮಾತ್ರ ‘ಮತ್ತು’ ಇಡುವ ರೂಢಿಯು ಇಂಗ್ಲಿಷಿನ ‘ಆಂಡ್’ ನೋಡಿ ನಮ್ಮಲ್ಲಿ ಬೆಳೆಯಿತು. ಅದರ ಜೊತೆಗೆ ಅದರ ಸಂಶಯವೂ ನಮ್ಮ ಮನೆಯನ್ನು ಹೊಕ್ಕಿತು. ನಾನೂ ಈ ಲೇಖನದ ಮೊದಲ ವಾಕ್ಯದಲ್ಲಿ ಹಾಗೆಯೇ ಬರೆದಿರುವೆನು!

ಇನ್ನು ಆ ಕಾಗದದ ಮಾತು. ಮರುದಿನ ಮನೆಯವರೆಲ್ಲರೂ ಬಂದರು. ಮುಪ್ಪಿನ ತಾಯಿಯೂ ಬಂದಿದ್ದರು. ನಾನು ಇದ್ದದ್ದನ್ನು ಇದ್ದಂತೆ ಹೇಳಿದೆನು: “ಕಾನೂನಿನ ನಿರ್ಣಯ ವಕೀಲರದು. ವ್ಯಾಕರಣದಿಂದ ಇದು ಎರಡೂ ಬಗೆಯಾಗಿ ಆಗುವದು. ಬರೆಯಿಸುವಾಗ ಯಜಮಾನರು ಏನೆಂದರು?” ಅಳಿಯನಿಗೆ ನೆನಪಿರಲಿಲ್ಲ. ಆಗ ಮೂಲೆಯಲ್ಲಿ ಕುಳಿತಿದ್ದ ಆ ತಾಯಿಯು, “ಆ ಕಾಗದಾ ನನಗ ತಿಳಿಯೂದಿಲ್ಲರಿ. ಬರಸೂ ಮುಂದ ಅವರು ಅಂದಿದ್ದು ನಾ ಕೇಳೇನಿ. ದೊಡ್ಡವಗೂ ಸಣ್ಣವಗೂ ಸೊಸಿಗೂ ಮಮ್ಮಗಗೂ ಸರಿ ಪಾಲ ಹಾಕು ಅಂದ್ರು” ಎಂದರು.

ನಾಲ್ಕು ‘ಊ’ಕಾರ! ನಾನು ಬಾಯಿಬಿಡಬೇಕಾಗಲಿಲ್ಲ. ಹಿರಿಯ ಮಗನಿಗೆ ಅದರಿಂದ ಒಂದು ಲಕ್ಷ ಕಡಿಮೆಯಾಗುವದು. ತುಸು ಹೊತ್ತು ಸುಮ್ಮನಿದ್ದು, “ಅಪ್ಪ ಹಂಗ ಅಂದಿದ್ರ ಹಂಗ ಆಗ್ಲಿರಿ” ಎಂದನು. ತಮ್ಮನೂ ತಲೆದೂಗಿದನು. ಸೊಸೆಯು ಸೆರಗಿನಿಂದ ಕಣ್ಣೊರಸಿಕೊಂಡಳು.

ಗೃಹಸ್ಥರಲ್ಲಿ ನನ್ನ ಬಿನ್ನಹವಿಷ್ಟು. ಇಂಗ್ಲಿಷಿನಲ್ಲಿ ಬರೆಯುವಾಗ ಕಡೆಯ ಅಲ್ಪವಿರಾಮವನ್ನು ಇಡಿರಿ ಇಲ್ಲವೆ ಬಿಡಿರಿ. ಆದರೆ ಒಂದು ಬರಹದಲ್ಲಿ ಒಂದೇ ಪದ್ಧತಿಯಿರಲಿ. ಬಿಟ್ಟರೆ ಎರಡು ಅರ್ಥ ಬರುವ ಸ್ಥಳದಲ್ಲಿ ಅವಶ್ಯವಾಗಿ ಇಡಿರಿ. ಇಟ್ಟರೂ ಸಂಶಯವುಳಿದರೆ ವಾಕ್ಯವನ್ನೇ ತಿರುಗಿಸಿ ಬರೆಯಿರಿ. ಮಕ್ಕಳು ಪರೀಕ್ಷೆಯಲ್ಲಿ ತಮ್ಮ ಪಠ್ಯದ ಪದ್ಧತಿಯನ್ನು ಅನುಸರಿಸಲಿ. ಮಾಸ್ತರರಾದವರು ಅರ್ಧ ಗುಣ ಕಳೆಯುವ ಮುನ್ನ ಎರಡು ಸಲ ವಿಚಾರಿಸಲಿ. ಹಣ, ಹೊಲ, ಮನೆಗಳ ಕಾಗದಗಳಲ್ಲಿಯಂತೂ ಚಿಹ್ನೆಯನ್ನು ನಂಬಿ ಕೂಡಬೇಡಿರಿ. ಹೆಸರುಗಳನ್ನು 1, 2, 3 ಎಂದು ಒಂದರ ಕೆಳಗೊಂದು ಬರೆದು, ಪ್ರತಿಯೊಂದರ ಮುಂದೆ ಪಾಲನ್ನು ಅಂಕಿಯಲ್ಲಿಯೂ ಅಕ್ಷರದಲ್ಲಿಯೂ ಕಾಣಿಸಿರಿ. ಸಾಧ್ಯವಿದ್ದರೆ ಮನೆಯ ಹೆಣ್ಣುಮಕ್ಕಳೂ ಓದಬಲ್ಲ ಭಾಷೆಯಲ್ಲಿ ಬರೆಯಿಸಿರಿ. ಆ ಮುಪ್ಪಿನ ತಾಯಿ ಅಂದು ಮನೆಯಲ್ಲಿರದಿದ್ದರೆ ಆ ನಾಲ್ಕು ‘ಊ’ಕಾರಗಳು ಯಜಮಾನರೊಡನೆಯೇ ಹೋಗಿಬಿಡುತ್ತಿದ್ದವು.